ಮೂರು ಟೇಬಲ್ ಜಾಯಿನ್ ಮಾಡಿದರೆ ಮೊತ್ತ ಜಾಸ್ತಿ ಬರುತ್ತಿದೆ, ಯಾಕೆ?

ಶಿರಸಿ ಹುಡುಗ:
ಇಲ್ಲಿನ ಒಂದು ಅಡಿಕೆ ಸಂಘಕ್ಕೆ ವರದಿ ಮಾಡಿಕೊಡುತ್ತಿದ್ದೇನೆ, ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ. ಮೂರು ಟೇಬಲ್ ಇವೆ: ಸದಸ್ಯರು, ಲಾಟು (ಚಾಲಿ, ರಾಶಿ, ಬೆಟ್ಟೆ ಯಾವುದು ಎಷ್ಟಕ್ಕೆ ಹೋಯಿತು ಅಂತ), ಮುಂಗಡ. ಒಬ್ಬರದ್ದು 3 ಲಾಟು, ಒಟ್ಟು 1,50,000 ರೂಪಾಯಿ. ಮುಂಗಡ ಎರಡು ಸಲ ತಲಾ 10,000 ತೆಗೆದುಕೊಂಡಿದ್ದಾರೆ. ಮೂರನ್ನೂ ಜಾಯಿನ್ ಮಾಡಿದ (ಜೋಡಿಸಿದ) ಕ್ವೆರಿ ಮಾತ್ರ 3,00,000 ಮತ್ತು 60,000 ತೋರಿಸುತ್ತಿದೆ. ಸಮ್ (ಕೂಡಿಸುವ ಫಂಕ್ಷನ್) ಒಳಗೆ ಡಿಸ್ಟಿಂಕ್ಟ್ ಹಾಕಿದರೆ ಲಾಟಿನ ಮೊತ್ತ ಸರಿಯಾಯಿತು, ಮುಂಗಡ 10,000ಕ್ಕೆ ಇಳಿಯಿತು! ಇನ್ನೊಂದು, ಎಡಗಡೆ ಟೇಬಲ್ಲಿನ ಎಲ್ಲ ಸಾಲನ್ನೂ ಉಳಿಸುವ ಲೆಫ್ಟ್ ಜಾಯಿನ್ ಕೊಟ್ಟಿದ್ದರೂ ಮುಂಗಡ ತೆಗೆದುಕೊಳ್ಳದವರ ಹೆಸರೇ ಪಟ್ಟಿಯಲ್ಲಿಲ್ಲ. ಸಾಲುಗಳನ್ನು ಸೋಸುವ ವೇರ್‌ನಲ್ಲಿ ಮುಂಗಡದ ದಿನಾಂಕ ಏಪ್ರಿಲ್ 1ರಿಂದ ಈಚೆಗಿನದು ಅಂತ ಮಾತ್ರ ಕೇಳಿದ್ದೇನೆ.

ಕುಮಟಾದವ:
ಲಾಟಿಗೂ ಮುಂಗಡಕ್ಕೂ ನೇರ ಸಂಬಂಧ ಇಲ್ಲ ಅಲ್ವಾ? ಎರಡಕ್ಕೂ ಕೊಂಡಿ ಸದಸ್ಯರ ಐಡಿ ಒಂದೇ. ಹಾಗಾಗಿ ಒಂದೊಂದು ಲಾಟಿನ ಪಕ್ಕದಲ್ಲೂ ಎರಡೆರಡು ಮುಂಗಡ ಬಂದು ಕೂರುತ್ತವೆ, ಒಟ್ಟು ಆರು ಸಾಲು. ಪ್ರತಿ ಲಾಟು ಎರಡು ಸಲ, ಪ್ರತಿ ಮುಂಗಡ ಮೂರು ಸಲ ಲೆಕ್ಕಕ್ಕೆ ಸೇರಿತು. ಡಿಸ್ಟಿಂಕ್ಟ್ ಮಾತ್ರ ದಯವಿಟ್ಟು ತೆಗೆದುಬಿಡಿ ಮಾರಾಯ್ರೇ. ಅದು ಯಾವ ಸಾಲಿನದು ಅಂತ ನೋಡುವುದಿಲ್ಲ, ಮೊತ್ತ ಒಂದೇ ಇದ್ದರೆ ಒಂದನ್ನೇ ಇಟ್ಟುಕೊಳ್ಳುತ್ತದೆ. ನಾಳೆ ಯಾರದ್ದಾದರೂ ಎರಡು ಲಾಟು ಒಂದೇ ಮೊತ್ತಕ್ಕೆ ಹೋದರೆ ಬೆಳೆಗಾರರ ದುಡ್ಡೇ ಕಡಿಮೆಯಾಗುತ್ತದೆ, ಅದೂ ಯಾರ ಕಣ್ಣಿಗೂ ಬೀಳದ ಹಾಗೆ.

ಮೊದಲು ಕೂಡಿಸಿ, ಆಮೇಲೆ ಜಾಯಿನ್ ಮಾಡಿ. ಲಾಟನ್ನು ಸದಸ್ಯರ ಐಡಿ ಮೇಲೆ ಗ್ರೂಪ್ ಬೈ ಮಾಡಿ ಕೂಡಿಸಿ, ಮುಂಗಡವನ್ನೂ ಬೇರೆಯಾಗಿ ಹಾಗೇ ಮಾಡಿ. ಈಗ ಒಬ್ಬ ಸದಸ್ಯರಿಗೆ ಎರಡೂ ಕಡೆ ಒಂದೊಂದೇ ಸಾಲು. ಅವನ್ನು ಸದಸ್ಯರು ಟೇಬಲ್ಲಿಗೆ ಲೆಫ್ಟ್ ಜಾಯಿನ್ ಮಾಡಿ. ಮೈಎಸ್‌ಕ್ಯೂಎಲ್ ಆವೃತ್ತಿ 8.0 ಅಥವಾ ಅದಕ್ಕಿಂತ ಹೊಸದು ಇದ್ದರೆ ವಿತ್ ಬಳಸಿ (ಒಳಗಿನ ಕ್ವೆರಿಗೆ ಮೊದಲೇ ಹೆಸರಿಡುವುದು), ಓದಲು ಸಲೀಸು. 5.7ರಲ್ಲಿ ಅದು ಇಲ್ಲ, ಸಬ್‌ಕ್ವೆರಿಯನ್ನೇ (ಕ್ವೆರಿ ಒಳಗಿನ ಕ್ವೆರಿ) ಬರೆಯಬೇಕು.

ಕಾರವಾರದ ಅಕ್ಕ:
ಹೆಸರು ಮಾಯವಾಗುವುದು ಆ ವೇರ್‌ನಿಂದ. ಮುಂಗಡ ಇಲ್ಲದವರ ಸಾಲಿನಲ್ಲಿ ದಿನಾಂಕ ನಲ್ (ಖಾಲಿ) ಆಗಿರುತ್ತದೆ, ನಲ್ ಆ ಷರತ್ತನ್ನು ದಾಟುವುದಿಲ್ಲ. ಲೆಫ್ಟ್ ಜಾಯಿನ್ ಅಂತ ಬರೆದರೂ ಕೊನೆಗೆ ಎರಡೂ ಕಡೆ ಇರುವವರನ್ನು ಮಾತ್ರ ಉಳಿಸುವ ಇನ್ನರ್ ಜಾಯಿನ್ ಮಾಡಿದ ಹಾಗೇ. ದಿನಾಂಕದ ಷರತ್ತನ್ನು ಮುಂಗಡದ ಸಬ್‌ಕ್ವೆರಿ ಒಳಗೇ ಇಡಿ. ಮತ್ತೆ ಎರಡೂ ಮೊತ್ತಕ್ಕೆ ಕೋಲೆಸ್ ಹಾಕಿ ನಲ್ ಇದ್ದಲ್ಲಿ 0 ಮಾಡಿ, ಇಲ್ಲದಿದ್ದರೆ 1,50,000ದಲ್ಲಿ ನಲ್ ಕಳೆದಾಗ ಉತ್ತರವೂ ನಲ್ಲೇ. ಇಲ್ಲಿ ಬೋಟುಗಳ ಡೀಸೆಲ್ ಖರ್ಚು, ಮೀನಿನ ಹರಾಜು ಎರಡನ್ನೂ ಒಂದೇ ವರದಿಯಲ್ಲಿ ತೆಗೆಯುವಾಗಲೂ ನಾವು ಮಾಡುವುದು ಇದನ್ನೇ.

ಶಿರಸಿ ಹುಡುಗ:
ಸರಿಯಾಯಿತು, 1,50,000 ಮತ್ತು 20,000. ತುಂಬಾ ಉಪಕಾರ ಅಕ್ಕ, ಅಣ್ಣ. ಹಮಾಲಿ ಟೇಬಲ್ ಒಂದು ಬಾಕಿ ಇದೆ, ಅದರಲ್ಲಿ ಸದಸ್ಯರ ಐಡಿ ಇಲ್ಲ, ಲಾಟಿನ ಐಡಿ ಮಾತ್ರ.

ಕುಮಟಾದವ:
ಹಾಗಾದರೆ ಹಮಾಲಿಯನ್ನು ಮೊದಲು ಲಾಟಿನ ಐಡಿ ಮೇಲೆ ಕೂಡಿಸಿ, ಲಾಟಿಗೆ ಜಾಯಿನ್ ಮಾಡಿ, ಆಮೇಲೆ ಸದಸ್ಯರವಾರು ಕೂಡಿಸಿ. ಒಂದು ಲಾಟಿಗೆ ಎರಡು ಸಲ ಹಮಾಲಿ ಬಿದ್ದಿರುವವರನ್ನೇ ಹುಡುಕಿ ಪರೀಕ್ಷೆ ಮಾಡಿ.