ದಾರಿ ಕೇಳೋಕೆ ಬಾಯಿಲ್ವಾ?

"ಆಗಿನಿಂದ ಇಲ್ಲೇ ಸುತ್ತುತ್ತಿದ್ದೀನಿ. ಬಾಣ ಎಲ್ಲಿ?" ಅಂದ ಸೀನ.

"ಯಾವ ಬಾಣ?" ಅಂದ ನಾಣಿ. ಗೊತ್ತಿದ್ದೂ ಕೇಳಿದ.

"ಅದೇ ಕಣೋ, ಎಲ್ಲಿಗೆ ಹೋಗಬೇಕು ಅಂತ ಪರದೆ ಮೇಲೆ ತೋರಿಸುತ್ತಲ್ಲ, ಅದು."

"ಇದು 2002ರ ಗೇಮು. ಮಾರೋವಿಂಡ್. ಇದರಲ್ಲಿ ಬಾಣ ಇಲ್ಲ, ಬಾಯಿ ಇದೆ. ಯಾರನ್ನಾದರೂ ಕೇಳು."

"ಕೇಳಿದೆನಪ್ಪ. ಬಾಲ್ಮೊರಾ ಅನ್ನೋ ಊರಿಗೆ ಹೋಗಿ ಕಾಯಸ್ ಕೊಸೇಡ್ಸ್ ಅನ್ನೋನಿಗೆ ಪೊಟ್ಟಣ ಕೊಡು ಅಂದರು. ಮನೆ ಎಲ್ಲಿ ಅಂತ ಹೇಳಲಿಲ್ಲ. ಹೆಂಡದಂಗಡಿಯಲ್ಲಿ ವಿಚಾರಿಸಬೇಕಂತೆ."

"ಸರಿಯಾಗೇ ಹೇಳಿದ್ದಾರೆ. ಯಾರ ಮನೆ ಎಲ್ಲಿ ಅಂತ ಹೆಂಡದಂಗಡಿಯವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ಹೋಗು. ಒಳಗೆ ಅಂಗಿ ಇಲ್ಲದ ಮುದುಕ ಇದ್ದರೆ ಅವನೇ. ಚಕ್ರವರ್ತಿಯ ಗೂಢಚಾರರಿಗೆ ಅಲ್ಲಿ ಅವನೇ ಯಜಮಾನ."

"ಅಷ್ಟು ದೂರ ನಡೀಬೇಕಾ?"

"ಊರಾಚೆ ದೊಡ್ಡ ಹುಳು ನಿಂತಿರುತ್ತೆ ನೋಡು, ಉದ್ದುದ್ದ ಕಾಲಿಂದು. ಸಿಲ್ಟ್ ಸ್ಟ್ರೈಡರ್ ಅಂತಾರೆ. ದುಡ್ಡು ಕೊಟ್ಟು ಹತ್ತು," ಅಂದ ಕಿಟ್ಟಿ. ಕಂಪ್ಯೂಟರ್ ಅವನದು. ಆದರೆ ಭಾನುವಾರ ಅವನಿಗೆ ಅದು ಸಿಗೋದಿಲ್ಲ.

"ಈ ಕಾಲದಲ್ಲಿ ಇಷ್ಟೆಲ್ಲ ಪಾಡು ಯಾರಿಗೆ ಬೇಕು?" ಸೀನ ಗೊಣಗಿದ. "ಆಮೇಲೆ ಬಂದ ಸ್ಕೈರಿಮ್ ಗೇಮಿನಲ್ಲಿ ಆರಾಮಾಗಿ ಬಾಣ ನೋಡ್ಕೊಂಡು ಓಡ್ತಿದ್ದೆ."

ನಾಣಿಗೆ ಇಷ್ಟೇ ಸಾಕಾಯ್ತು. "ಓಡಿದೆ, ಸರಿ. ಏನು ನೋಡಿದೆ? ಬಾಣ ನೋಡಿದೆ! ಮಾರೋವಿಂಡ್‌ನಲ್ಲಿ ಒಂದು ಜೊತೆ ಮಂತ್ರದ ಬೂಟಿದೆ. ಹಾಕ್ಕೊಂಡರೆ ಗಾಳಿಯಂತೆ ಓಡಬಹುದು, ಆದರೆ ಕಣ್ಣು ಕಾಣೋದಿಲ್ಲ. ಅದನ್ನು ತಮಾಷೆಗೆ ಮಾಡಿದ್ದಾರೆ ಅಂದ್ಕೊಂಡಿದ್ದೆ. 2006ರಲ್ಲಿ ಇದೇ ಸರಣಿಯ ಮುಂದಿನ ಗೇಮು ಆಬ್ಲಿವಿಯನ್ ಬಂತು, ಪರದೆಯ ಕೆಳಗೆ ದಿಕ್ಸೂಚಿ ಬಂತು, ಅದರಲ್ಲಿ ಬಾಣ ಬಂತು. ಆಮೇಲೆ ಗೊತ್ತಾಯ್ತು, ಆ ಬೂಟನ್ನು ಈಗ ಎಲ್ಲರಿಗೂ ಪುಕ್ಕಟೆ ಹಂಚುತ್ತಿದ್ದಾರೆ ಅಂತ."

"ಬೇಡದಿದ್ದರೆ ಬಾಣ ಆಫ್ ಮಾಡ್ಕೊಂಡು ಆಡು. ಯಾರು ಬೇಡ ಅಂದರು?" ಅಂದ ಕಿಟ್ಟಿ.

"ಆಫ್ ಮಾಡಿದ ಮೇಲೆ ದಾರಿ ಹೇಳೋರು ಯಾರು? ಮಾರೋವಿಂಡ್‌ನಲ್ಲಿ ಜನ ಮಾತಾಡೋದು ಬಹುಪಾಲು ಬರಹದಲ್ಲಿ. ಕೋಟೆ ಬಲಕ್ಕೆ ಬಿಡು, ಸೇತುವೆ ದಾಟು, ಬಂಡೆ ಹತ್ರ ತಿರುಗು ಅಂತ ಎಷ್ಟು ಬೇಕಾದರೂ ಬರೆಯಬಹುದು. ಆಬ್ಲಿವಿಯನ್‌ನಲ್ಲಿ ಪ್ರತಿ ಮಾತನ್ನೂ ನಟರ ಕೈಲಿ ಆಡಿಸಿದರು. ಮಾತಿಗೆ ದುಡ್ಡು ಬಿತ್ತು ನೋಡು, ಊರಿಗೆ ಊರೇ ಮಿತಭಾಷಿ ಆಯ್ತು. 'ಅದು ನಿನ್ನ ಮ್ಯಾಪಿನಲ್ಲಿ ಗುರುತು ಹಾಕಿದೀನಿ.' ಮುಗೀತು. ಅದೇ ಗೇಮಿನಲ್ಲಿ ಕುದುರೆಗೆ ಕವಚ ಅಂತ ಎರಡೂವರೆ ಡಾಲರ್ ಬೇರೆ ಕಿತ್ತರು."

"ಕುದುರೆಗೂ ಬಾಣಕ್ಕೂ ಏನು ಸಂಬಂಧ?"

"ಸಂಬಂಧ ಇಲ್ಲ. ಹೊಟ್ಟೆ ಉರಿಗೆ ಹೇಳಿದೆ."

ಕಿಟ್ಟಿ ಬಿಡಲಿಲ್ಲ. "ನಿನ್ನ ಮಾರೋವಿಂಡ್ ಜನ ತಪ್ಪು ದಾರಿನೂ ಹೇಳ್ತಾರೆ ಕಣೋ. ಪೂರ್ವಕ್ಕೆ ಅಂದಿದ್ದು ಆಮೇಲೆ ನೋಡಿದರೆ ಇನ್ನೆಲ್ಲೋ ಇರುತ್ತೆ."

"ಅದಕ್ಕೇ ಅವರು ನಿಜವಾದ ಜನ ಅನ್ನಿಸೋದು. ನಮ್ಮ ಕಡೆ ದಾರಿ ಕೇಳಿ ನೋಡು. 'ಇಲ್ಲೇ, ಒಂದು ಕೂಗಳತೆ' ಅಂತಾರೆ. ಕೂಗಿದವನ ಗಂಟಲು ಎಂಥದ್ದು ಅಂತ ನಾಲ್ಕು ಮೈಲಿ ನಡೆದ ಮೇಲೆ ಗೊತ್ತಾಗುತ್ತೆ. ಹಾಗಂತ ಅವರನ್ನು ಕೇಳೋದು ಬಿಟ್ಟಿದ್ವಾ? ಈಗ ಬಿಟ್ಟಿದ್ದೀವಿ, ಅದು ಬೇರೆ ಮಾತು."

ಅಷ್ಟು ಹೊತ್ತೂ ಪತ್ರಿಕೆ ಓದುತ್ತಿದ್ದ ಕಿಟ್ಟಿಯ ಹೆಂಡತಿ ಪದ್ಮಾ ತಲೆ ಎತ್ತಿದಳು. "ಇವರೆಲ್ಲ ಬರೀ ಮಾತು, ಸೀನು. ನಿಮ್ಮ ಕಿಟ್ಟಿ ಆರ್ಕಂತಾಂಡ್ ಅನ್ನೋ ಪಾಳುಬಿದ್ದ ಜಾಗ ದಾಟಲೇ ಇಲ್ಲ. ಹುಡುಕಿ ತರಬೇಕಾದ ಡಬ್ಬ ಕಪಾಟಿನಲ್ಲಿ ಕಣ್ಣೆದುರಿಗೇ ಇತ್ತು."

ಕಿಟ್ಟಿ ಗೇಮನ್ನು ಬೈಯೋದಕ್ಕೆ ಕಾರಣ ಆಗ ತಿಳಿಯಿತು.

"ಡಬ್ಬ ಅಲ್ವೇ ಅದು, ಪುಟಾಣಿ ಚೌಕ!" ಅಂದ ಕಿಟ್ಟಿ. "ಆ ಕತ್ತಲೆಯಲ್ಲಿ ಯಾರಿಗೆ ಕಾಣುತ್ತೆ?"

"ಹುಡುಕಿದೋರಿಗೆ ಕಾಣುತ್ತೆ. ಇವರಿಗೆ ಮೊದಲು ಬಾಗಿಲೇ ಕಾಣಲಿಲ್ಲ, ಸೀನು. ಪಕ್ಕದ ಕೊಳವೆ ಮೇಲೆ ತಿರುಗಿಸೋ ಹಿಡಿ ಇದೆ, ಅದನ್ನು ತಿರುಗಿಸಬೇಕು. ಇವರು ಬೆಟ್ಟಕ್ಕೆ ಪ್ರದಕ್ಷಿಣೆ ಹಾಕಿ ವಾಪಸ್ ಬಂದರು."

"ಅತ್ತಿಗೆ, ನೀವು ಪೂರ್ತಿ ಆಡಿದ್ದೀರಾ?"

"ಕಾಲೇಜಿನಲ್ಲಿದ್ದಾಗ. ಡಬ್ಬದಲ್ಲಿ ಕೊಂಡೋರಿಗೆ ಕಾಗದದ ಮ್ಯಾಪ್ ಬರುತ್ತಿತ್ತಂತೆ. ನಮ್ಮದು ಯಾರೋ ಬರ್ನ್ ಮಾಡಿ ಕೊಟ್ಟ ಸಿಡಿ, ಮ್ಯಾಪ್ ಎಲ್ಲಿಂದ ಬರಬೇಕು? ಅಣ್ಣ ಗ್ರಾಫ್ ಶೀಟಿನಲ್ಲಿ ಬರೆದ. ನಾನು ಕೀಬೋರ್ಡು, ಅವನು ಪೆನ್ಸಿಲ್ಲು. ಗೇಮಿನ ಡೈರಿ ನಂಬೋ ಹಾಗಿರಲಿಲ್ಲ. ಎಲ್ಲ ಒಂದರ ಹಿಂದೆ ಒಂದು ಬರ್ಕೊಂಡು ಹೋಗುತ್ತೆ, ಬೇಕಾದ್ದು ಹುಡುಕೋ ಹೊತ್ತಿಗೆ ಕರೆಂಟ್ ಹೋಗುತ್ತೆ. ಎಡಕ್ಕೆ ಅಂದಿದ್ದಾರೆ ಕಣೇ ಅಂತ ಅವನು, ಬಲಕ್ಕೆ ಕಣೋ ಅಂತ ನಾನು. ಅಮ್ಮ ಬಂದು ಇಬ್ಬರಿಗೂ ಬೈಯೋವರೆಗೆ."

"ಈಗ ಅವರು?"

"ಡಲ್ಲಾಸ್‌ನಲ್ಲಿದ್ದಾನೆ. ಭಾನುವಾರ ಫೋನ್ ಮಾಡ್ತಾನೆ. ಊಟ ಆಯ್ತಾ, ಅಲ್ಲಿ ಮಳೆನಾ, ಇಲ್ಲೂ ಮಳೆ. ಜಗಳ ಆಡೋಕೆ ಏನೂ ಇಲ್ಲ."

ನಾಣಿ ಏನೋ ಹೇಳೋಕೆ ಹೊರಟು ಸುಮ್ಮನಾದ. ಅವನು ಸುಮ್ಮನಾಗೋದು ಅಪರೂಪ. ಅದನ್ನು ಹಾಳು ಮಾಡಿದವನು ಸೀನ.

"ಅಯ್ಯೋ! ಅಯ್ಯಯ್ಯೋ!"

"ಏನಾಯ್ತೋ? ಮುದುಕ ಸಿಕ್ಕಿದನಾ?"

"ಸಿಕ್ಕಿದ. ಪೊಟ್ಟಣ ಕೊಡೋಕೆ ಹೋಗಿ ಬಟನ್ ತಪ್ಪಿ ಕತ್ತಿ ಬೀಸಿಬಿಟ್ಟೆ. ಕತ್ತಿ ಅವನ ಹೊಟ್ಟೆಗೆ ಬಿದ್ದಿದ್ದು ನನ್ನ ಕಣ್ಣಿಗೇ ಕಾಣ್ತು, ಆದರೂ ಬೀಳಲಿಲ್ಲ ಅನ್ನುತ್ತೆ ಗೇಮು!"

"ಅದು ದಾಳದ ಲೆಕ್ಕ. ಕತ್ತಿ ತಾಗಿದರೆ ಸಾಲದು, ಹಣೆಬರಹನೂ ತಾಗಬೇಕು. ಆಮೇಲೆ?"

"ಕೈಯಲ್ಲೇ ಗುದ್ದಿದ. ಬಿದ್ದೆ. ಬಿದ್ದವನಿಗೂ ಗುದ್ದಿದ. ಸತ್ತೆ."

"ಅಂಗಿ ಇಲ್ಲ ಅಂತ ಹಗುರವಾಗಿ ನೋಡಿದೆ ಅಲ್ವಾ? ಹೋಗಲಿ, ಸೇವ್ ಮಾಡಿದ್ದೆ ತಾನೇ?"

ಸೀನ ಪರದೆಯನ್ನೇ ನೋಡಿದ.

"ಅದನ್ನೂ ಗೇಮೇ ಮಾಡ್ಕೊಳ್ಳುತ್ತೆ ಅಂದ್ಕೊಂಡಿದ್ದೆ."