ಪದ ಬೇಕು: ‘ಮೈಗ್ರೇಷನ್ ಟೇಬಲ್’ (ಇವತ್ತು ಸಂಜೆಯೊಳಗೆ)

ಗೆಳೆಯರೇ, ಆಫೀಸಿನ ಸಿಸ್ಟಮ್ ಅಡ್ಮಿನ್‌ಗಳಿಗೆ ಕನ್ನಡದಲ್ಲಿ ಕೈಪಿಡಿ ಮಾಡುತ್ತಿದ್ದೇನೆ, ಸಂಜೆ ಪ್ರಿಂಟಿಗೆ ಹೋಗಬೇಕು. ವಿಂಡೋಸ್‌ನಲ್ಲಿ ಒಂದು ಡೊಮೈನ್‌ನ (ಒಂದೇ ಆಡಳಿತದಡಿ ಇರುವ ಕಂಪ್ಯೂಟರು, ಬಳಕೆದಾರರ ಜಾಲ) ಗ್ರೂಪ್ ಪಾಲಿಸಿಯನ್ನು (ಅವಕ್ಕೆಲ್ಲ ಒಟ್ಟಿಗೆ ಹಾಕುವ ಸೆಟ್ಟಿಂಗ್) ಇನ್ನೊಂದಕ್ಕೆ ತರುವಾಗ ಮೈಗ್ರೇಷನ್ ಟೇಬಲ್ ಅಂತ ಒಂದು ಫೈಲ್ ಮಾಡಿಕೊಳ್ಳುತ್ತೇವೆ. ಎಡಗಡೆ ಹಳೇ ಡೊಮೈನ್‌ನ ಬಳಕೆದಾರರ ಗುಂಪಿನ ಹೆಸರು, ಇಲ್ಲವೇ ಶೇರ್ ಫೋಲ್ಡರಿನ ಪಾತ್. ಬಲಗಡೆ ಹೊಸದರಲ್ಲಿ ಅದರ ಜಾಗಕ್ಕೆ ಬರುವಂಥದ್ದು. ಕರಡಿನಲ್ಲಿ ‘ವಲಸೆ ಕೋಷ್ಟಕ’ ಎಂದು ಹಾಕಿದ್ದೆ. ಓದಿದ ಹುಡುಗ “ಇದೇನ್ ಸಾರ್, ಜನಗಣತಿಯಾ?” ಅಂದ.

——

ಕೋಷ್ಟಕ ತೆಗೆಯಿರಿ, ‘ಪಟ್ಟಿ’ ಸಾಕು. ‘ವಲಸೆ’ ಮಾತ್ರ ಬಿಡಬೇಡಿ. ಅಪ್ಪಟ ನಮ್ಮದು, ತೆಲುಗಿನಲ್ಲಿ ವಲಸ, ತಮಿಳಿನಲ್ಲಿ ವಲಸೈ. ಪಾಲಿಸಿಗೆ ‘ನೀತಿ’ ಅಂತ ಸಂಸ್ಕೃತ ತುರುಕಬೇಡಿ, ‘ಕಟ್ಟಲೆ’ ಎನ್ನಿ. ಡೊಮೈನ್‌ಗೆ ‘ಸೀಮೆ’.

——

‘ಸೀಮೆ’ ಸಂಸ್ಕೃತದ ಸೀಮಾ ಸ್ವಾಮಿ. ಹೋಗಲಿ ಬಿಡಿ.

ಮೊದಲು ಕೆಲಸ ಏನು ಅಂತ ನೋಡೋಣ. ವಲಸೆ ಹೋದವರು ಹಳೇ ಊರಲ್ಲಿ ಇರುವುದಿಲ್ಲ, ಅಲ್ವಾ? ಪಾಲಿಸಿ ಹಳೇ ಡೊಮೈನ್‌ನಲ್ಲಿ ಇದ್ದಲ್ಲೇ ಇರುತ್ತದೆ. ಅದರ ಬ್ಯಾಕಪ್ ತೆಗೆದು ಹೊಸದರಲ್ಲಿ ಇಂಪೋರ್ಟ್ ಮಾಡುತ್ತೇವೆ, ಬರುವುದು ಸೆಟ್ಟಿಂಗ್ ಅಷ್ಟೇ. ಯಾವ ಓಯುಗೆ (ಡೊಮೈನ್ ಒಳಗಿನ ವಿಭಾಗ) ಲಿಂಕ್ ಆಗಿತ್ತು ಅನ್ನೋದು ಜೊತೆಗೆ ಬರಲ್ಲ, ಅಲ್ಲಿ ಮತ್ತೆ ಕಟ್ಟಬೇಕು. ಮಾವಿಗೆ ಕಸಿ ಕಟ್ಟಿದ ಹಾಗೆ, ತಾಯಿಮರ ಅಲ್ಲೇ. (‘ಕಸಿ ಪಟ್ಟಿ’ ಅನ್ನಿ ಎನ್ನುತ್ತಿಲ್ಲ, ನರ್ಸರಿಯವರು ಬಂದಾರು.)

ಇನ್ನು ಆ ಟೇಬಲ್. ಹಳೇ ಗುಂಪಿನ ಎಸ್‌ಐಡಿ (ಸಿಸ್ಟಮ್ ಗುಂಪಿಗೆ ಕೊಡುವ ಗುರುತಿನ ಅಂಕಿ) ಹೊಸ ಡೊಮೈನ್‌ಗೆ ಗುರುತೇ ಸಿಗದು. ಒಮ್ಮೆ ನಾನು ಟೇಬಲ್ ಇಲ್ಲದೆ ಸುಮ್ನೆ ಇಂಪೋರ್ಟ್ ಮಾಡಿಬಿಟ್ಟೆ. ಲಾಗಿನ್ ಹಕ್ಕಿನ ಸಾಲಿನಲ್ಲಿ ಗುಂಪಿನ ಹೆಸರು ಇರಬೇಕಾದ ಕಡೆ ‘ಎಸ್-1-5-21’ ಅಂತ ಶುರುವಾಗುವ ಮಾರುದ್ದದ ಅಂಕಿ ಕೂತಿತ್ತು, ಹೆಲ್ಪ್‌ಡೆಸ್ಕಿನವರೇ ಲಾಗಿನ್ ಆಗಲಾರದೆ ನನಗೆ ಫೋನ್ ಮಾಡಿದರು! ಆ ಟೇಬಲ್ ಏನನ್ನೂ ಸಾಗಿಸಲ್ಲ, ಇದರ ಬದಲು ಅದು ಅಂತ ಹೇಳುತ್ತದೆ. ‘ಬದಲಿ ಪಟ್ಟಿ’ ಅನ್ನಿ, ಮುಗೀತು. ಪಾಲಿಸಿ, ಡೊಮೈನ್ ಹಾಗೇ ಇರಲಿ. ಓದುವವರ ಸ್ಕ್ರೀನ್ ಮೇಲೆ ಇರೋದೂ ಅವೇ.

——

‘ಬದಲಿ’ ಅರಬ್ಬಿ. ಡೊಮೈನ್ ಹಾಗೇ ಇರಲಿ ಅಂದರೆ ನಾಳೆ ‘ಪಟ್ಟಿ’ ಹೋಗಿ ಲಿಸ್ಟ್ ಬರುತ್ತದೆ. ಹೀಗೇ ಅಲ್ಲವೇ ಒಂದೊಂದಾಗಿ ಕಳಕೊಂಡಿದ್ದು?

——

ಅರಬ್ಬಿ ಬೇಡ ಅಂದರೆ ಕುರ್ಚಿ, ವಕೀಲ ಎಲ್ಲ ವಾಪಸ್ ಕೊಡಬೇಕು. ‘ವಾಪಸ್’ ಪಾರಸಿಯದ್ದು, ಅದೂ ಹೋಗಲಿ.

——

‘ಬದಲಿ ಪಟ್ಟಿ’ ಪ್ರಿಂಟಿಗೆ ಹೋಯಿತು. ಪಕ್ಕದಲ್ಲಿ ‘ಮಿಗ್‌ಟೇಬಲ್ ಫೈಲ್’ ಅಂತಲೂ ಹಾಕಿದೆ, ಸೇವ್ ಮಾಡಿದಾಗ ಫೈಲಿನ ಹೆಸರಿನ ಕೊನೆಗೆ ಕಾಣೋದು ಅದೇ ತಾನೇ. ಇಬ್ಬರಿಗೂ ಥ್ಯಾಂಕ್ಸ್. ನೀವು ಜಗಳ ಮುಂದುವರಿಸಿ.