ಸಹಾಯ ಬೇಕು: 3 ಟನ್ನಿನ ಲೇತ್ ಗಲ್ಲಿಯೊಳಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಲ್ಲೇ ದಾವಣಗೆರೆಯಲ್ಲಿ ಮುಚ್ಚುತ್ತಿದ್ದ ವರ್ಕ್‌ಶಾಪೊಂದರಿಂದ ಹತ್ತಡಿ ಬೆಡ್ಡಿನ ಹಳೇ ಲೇತ್ (ಲೋಹ ಕಡೆಯುವ ಮಷಿನ್) ಒಂದನ್ನು ಗುಜರಿ ರೇಟಿಗೆ ತೆಗೆದುಕೊಂಡಿದ್ದೇನೆ. ನನಗೆ ಬೇಕಿದ್ದದ್ದು ಟೇಬಲ್ ಮೇಲೆ ಕೂರುವ ಪುಟ್ಟ ಲೇತ್. ಭಾನುವಾರ ಸುಮ್ನೆ ಹಿತ್ತಾಳೆ ಬುಗುರಿ ಕಡೆಯೋಣ ಅಂತ. ಆದರೆ ಇದರ ಚಕ್ (ಕಡೆಯುವ ತುಂಡನ್ನು ಹಿಡಿದು ತಿರುಗುವ ಭಾಗ) ಕೈಯಲ್ಲಿ ತಿರುಗಿಸಿದೆ ನೋಡಿ, ಒಂಚೂರೂ ಸದ್ದಿಲ್ಲ. ಅಲ್ಲೇ ಸೋತೆ. ಕಾಟನ್ ಮಿಲ್‌ಗಳಿದ್ದಾಗ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರಲ್ಲ, ಆಗಿನ ಶಾಫ್ಟ್‌ಗಳನ್ನು ಇದೇ ಕಡೆದಿರಬಹುದು ಅಂತ ನನ್ನ ಆಸೆ. ಮನೆಯಾಕೆಗೆ ಹೇಳಿದರೆ, "ಸ್ಕೂಟರ್ ಎಲ್ಲಿ ನಿಲ್ಲಿಸೋದು?" ಅಂದಳು.

ತೂಕ ಸುಮಾರು 3 ಟನ್. ನಮ್ಮ ಗಲ್ಲಿ 7 ಅಡಿ, ಹೈಡ್ರಾ ಕ್ರೇನ್ ಒಳಗೆ ಬರಲ್ಲ. ಪೈಪ್ ಹಾಕಿ ಉರುಳಿಸೋಣ ಅಂದರೆ ಮಧ್ಯೆ ಚರಂಡಿ ಕಲ್ಲು. ನಿನ್ನೆ ಬಂದ ಹುಡುಗ ಎತ್ತುವ ಬೆಲ್ಟನ್ನು ಸೀದಾ ಲೀಡ್ ಸ್ಕ್ರೂಗೇ (ಥ್ರೆಡ್ ಹಾಕುವಾಗ ಟೂಲನ್ನು ಸರಿಸುವ ಉದ್ದನೆ ಸ್ಕ್ರೂ) ಸುತ್ತಿದ್ದ! ಅದು ಬಗ್ಗಿದರೆ ಥ್ರೆಡ್ ಹಾಕುವ ಕೆಲಸವೇ ಮುಗೀತು, ಅಲ್ವಾ? ಕೂಗಿ ಬಿಚ್ಚಿಸಿದೆ.

ಹಳೇ ಮಷಿನ್ ಸಾಗಿಸಿ ಕೈ ಪಳಗಿದ, ಭಾರ ಎತ್ತುವ ಚೈನ್ ಬ್ಲಾಕ್ ಇರುವ ತಂಡ ದಾವಣಗೆರೆ ಅಥವಾ ಹರಿಹರದ ಕಡೆ ಗೊತ್ತಿದ್ದರೆ ತಿಳಿಸಿ. ಇನ್ನೊಂದು ವಿಷಯ, ಮೋಟಾರ್ 5 ಎಚ್‌ಪಿ ತ್ರೀ ಫೇಸ್, ಮನೆಗೆ ಇರುವುದು ಸಿಂಗಲ್ ಫೇಸ್. 2 ಎಚ್‌ಪಿ ಮೋಟಾರ್‌ಗೆ ಬದಲಿಸಿ, ಸಿಂಗಲ್ ಫೇಸಿನಲ್ಲಿ ತ್ರೀ ಫೇಸ್ ಮೋಟಾರ್ ಓಡಿಸುವ ವಿಎಫ್‌ಡಿ ಹಾಕಿದರೆ ನಡೆಯುತ್ತಾ? ನನ್ನದು ಸಣ್ಣ ಕೆಲಸ, ನಿಧಾನವಾದರೂ ಪರವಾಗಿಲ್ಲ. ಮಾಡಿ ನೋಡಿದವರು ಹೇಳಿ.

ಬಂದು ಕೈ ಹಚ್ಚುವವರಿಗೆ ಮಂಡಕ್ಕಿ ಮಿರ್ಚಿ ನನ್ನ ಲೆಕ್ಕ.